ಪೈಕ್ಸ್ ಪೀಕ್‌ನಿಂದ ಇಳಿಯುವಾಗ

ಅಮೆರಿಕದ ಕೊಲರಾಡೊದಲ್ಲಿರುವ ಪೈಕ್ಸ್ ಪೀಕ್ ಬೆಟ್ಟಕ್ಕೆ ನಾವು ಎರಡು ಸಲ ಹೊರಟೆವು. ಮೊದಲ ಸಲ ಗೇಟಿನಿಂದಲೇ ವಾಪಸ್ ಬಂದೆವು.

ತಪ್ಪು ನಂದೇ ಅಂತ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಪ್ಲಾನ್ ಎಲ್ಲಾ ಸರಿಯಾಗೇ ಇತ್ತು. ಬೇಸಿಗೆಯಲ್ಲಿ, ಅಂದರೆ ಮೇ ಕೊನೆಯಿಂದ ಸೆಪ್ಟೆಂಬರ್ ತನಕ, ಆ ಬೆಟ್ಟಕ್ಕೆ ಕಾರಿನಲ್ಲಿ ಹೋಗುವವರು ಇಂಥಾ ಹೊತ್ತಿಗೆ ಗೇಟಿಗೆ ಬರುತ್ತೇವೆ ಎಂದು ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ಪ್ರವೇಶದ ದುಡ್ಡು ಬೇರೆ, ಈ ಬುಕಿಂಗ್ ಬೇರೆ. ಎರಡನ್ನೂ ಮಾಡಿದ್ದೆ. ಡೆನ್ವರ್ ಪಕ್ಕದ ಆರೋರಾದ ನಮ್ಮ ಮನೆಯಿಂದ ಬೆಳಿಗ್ಗೆ ಆರಕ್ಕೇ ಹೊರಟಿದ್ದೆವು. ಕೆಟ್ಟಿದ್ದು ಕೊಲರಾಡೊ ಸ್ಪ್ರಿಂಗ್ಸ್‌ನ ಒಂದು ಹೋಟೆಲ್‌ನಲ್ಲಿ ತಿಂಡಿಗೆ ನಿಂತಾಗ. ಭಾನುವಾರ ಬೇರೆ. ಮೊಟ್ಟೆ ಹಾಕದ್ದು ಏನಿದೆ ಅಂತ ಅಮ್ಮನಿಗಾಗಿ ಮೂರು ಸಲ ಬಿಡಿಸಿ ಕೇಳಿದೆ. ತಲೆ ಆಡಿಸಿದರು. ನಲವತ್ತು ನಿಮಿಷ ಕಾಯಿಸಿ, ಮೇಲೆ ಮೊಟ್ಟೆ ಕೂರಿಸಿದ ಆಲೂಗಡ್ಡೆ ತಂದಿಟ್ಟರು. ಅದನ್ನು ವಾಪಸ್ ಕಳಿಸಿ, ಇನ್ನೊಂದು ಬರುವುದರೊಳಗೆ ಬೆಟ್ಟದ ಗೇಟಿನಲ್ಲಿ ನಮ್ಮ ಹೊತ್ತು ಮೀರಿತ್ತು. ಕಾರಿನ ಡಿಕ್ಕಿಯಲ್ಲಿ ಅಮ್ಮ ಮಾಡಿದ ಚಿತ್ರಾನ್ನ ಎರಡು ಡಬ್ಬಿ ತುಂಬಾ ಇತ್ತು ಅನ್ನುವುದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಹೋಗುವವರಿಗೆ ಒಂದು ಮಾತು. ಬೆಳಗಿನ ಹೊತ್ತನ್ನೇ ಬುಕ್ ಮಾಡಿ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಅಲ್ಲಿ ಗುಡುಗು ಮಿಂಚು ಜಾಸ್ತಿ. ಪೆಟ್ರೋಲ್ ಅರ್ಧ ಟ್ಯಾಂಕಾದರೂ ಇರಲಿ, ಮೇಲೆ ಎಲ್ಲೂ ಬಂಕ್ ಇಲ್ಲ. ಸ್ವೆಟರ್ ಬೇಕೇ ಬೇಕು. ತಿಂಡಿ ಮನೆಯಲ್ಲೇ ತಿನ್ನಿ.

ಈ ಬೆಟ್ಟಕ್ಕೆ ಹೆಸರು ಬಂದಿದ್ದು ಜೆಬ್ಯುಲನ್ ಪೈಕ್ ಎಂಬ ಸೈನ್ಯದ ಅಧಿಕಾರಿಯಿಂದ. 1806ರ ನವೆಂಬರ್‌ನಲ್ಲಿ ಹತ್ತಲು ನೋಡಿದ, ಹಿಮದಲ್ಲಿ ಆಗಲಿಲ್ಲ, ವಾಪಸ್ ಹೋದ. ಆಮೇಲೂ ತುದಿ ಮುಟ್ಟಲೇ ಇಲ್ಲ. 1820ರಲ್ಲಿ ಹತ್ತಿದವನು ಎಡ್ವಿನ್ ಜೇಮ್ಸ್. ಅದಕ್ಕೂ ಎಷ್ಟೋ ಮೊದಲಿಂದ ಅಲ್ಲಿದ್ದ ಯೂಟ್ ಜನ ಇದನ್ನು ತಾವಾ ಅನ್ನುತ್ತಿದ್ದರು, ಸೂರ್ಯನ ಬೆಟ್ಟ. ವಾಪಸ್ ಬರುವ ದಾರಿಯಲ್ಲಿ ಇದನ್ನೆಲ್ಲಾ ಕಾರಿನಲ್ಲಿ ಹೇಳಿದೆ. "ಹತ್ತದೇ ಇದ್ದವನ ಹೆಸರು ಇಟ್ರಾ? ಹಾಗಾದ್ರೆ ನಮ್ಮದೂ ಇಡಬಹುದು ಬಿಡು" ಅಂದರು ಅಪ್ಪ.

ಎರಡು ವಾರ ಬಿಟ್ಟು, ಒಂದು ಬುಧವಾರ ರಜೆ ಹಾಕಿ ಮತ್ತೆ ಹೊರಟೆ. ಅಪ್ಪ ಅಮ್ಮನ ವಾಪಸ್ ಟಿಕೆಟ್ ಆಗಸ್ಟ್ ಮೊದಲ ವಾರಕ್ಕಿತ್ತು. ಅವರಿಗೆ ಇದೊಂದನ್ನು ತೋರಿಸದೆ ಕಳಿಸುವುದು ಬೇಡ ಅನ್ನಿಸಿತ್ತು. ಅದರಲ್ಲೂ ಅಪ್ಪನಿಗೆ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಅದರಲ್ಲಿ ಬಹಳ ವರ್ಷ ಚಾರ್ಮಾಡಿ ಘಾಟಿಯ ಮೇಲೆ, ಚಿಕ್ಕಮಗಳೂರಿಂದ ಧರ್ಮಸ್ಥಳದ ಕಡೆ. ಅಪಘಾತ ಮಾಡದೆ ಓಡಿಸಿದ್ದಕ್ಕೆ ಕೊಟ್ಟ ಬೆಳ್ಳಿ ಪದಕ ಈಗಲೂ ಮನೆಯ ಷೋಕೇಸ್‌ನಲ್ಲಿದೆ. ಅಮೆರಿಕಕ್ಕೆ ಬಂದ ಮೇಲೆ ಅವರು ಮಾತು ಕಡಿಮೆ ಮಾಡಿಬಿಟ್ಟಿದ್ದರು. ಬೆಳಿಗ್ಗೆ ಎದ್ದು ಎರಡು ರೌಂಡ್ ವಾಕ್. ಆಮೇಲೆ ಕಿಟಕಿ ಹತ್ತಿರ ಕೂತು ರಸ್ತೆ ನೋಡುವುದು. ನಮ್ಮ ಬೀದಿಯಲ್ಲಿ ಗಂಟೆಗೆ ಮೂರು ಕಾರು ಬಂದರೆ ಹೆಚ್ಚು. "ಇಲ್ಲಿ ಹಾರನ್ ಕೇಳಿ ನಂಗೆ ಒಂದು ತಿಂಗಳಾಯ್ತು" ಅಂತ ಒಂದಿನ ಅಂದಿದ್ದರು. ಅದು ದೂರೋ ಹೊಗಳಿಕೆಯೋ ಗೊತ್ತಾಗಲಿಲ್ಲ.

ಗೇಟಿನಿಂದ ತುದಿಗೆ 19 ಮೈಲಿ, ಅಂದರೆ 31 ಕಿಲೋಮೀಟರ್ ಹತ್ತಿರ. ಹತ್ತುವ ಭಾಗದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕೆಳಗೆ ಪೈನ್ ಕಾಡು, ಕ್ರಿಸ್ಟಲ್ ಕ್ರೀಕ್ ಎಂಬ ಕೆರೆ, ಫೋಟೊ ತೆಗೆಯುವವರ ಸಾಲು. ದಾರಿ ಬದಿಯಲ್ಲಿ "ಬಿಗ್‌ಫೂಟ್ ದಾಟುವ ಜಾಗ" ಎಂಬ ತಮಾಷೆಯ ಬೋರ್ಡ್ ಒಂದಿದೆ. ಬಿಗ್‌ಫೂಟ್ ಅಂದರೆ ಇಲ್ಲಿನ ಕಟ್ಟುಕಥೆಗಳಲ್ಲಿ ಬರುವ ದೈತ್ಯ ಕಾಡುಮನುಷ್ಯ. ನನಗೆ ಇಂಥದ್ದೆಲ್ಲ ಹಿಡಿಸುವುದಿಲ್ಲ. ಮೇಲೆ ಹೋದ ಹಾಗೆ ಮರ ಗಿಡ್ಡವಾಗಿ, ಒಂದು ಕಡೆ ಪೂರ್ತಿ ನಿಂತೇ ಹೋಗುತ್ತವೆ. ಅಲ್ಲಿಂದಾಚೆ ಕಲ್ಲು, ಹುಲ್ಲು, ಆಕಾಶ ಅಷ್ಟೇ. ಎಷ್ಟೋ ಕಡೆ ರಸ್ತೆಗೆ ತಡೆಗೋಡೆಯೇ ಇಲ್ಲ. ಅಮ್ಮ ಕಣ್ಣು ಮುಚ್ಚಿ ಮಂಜುನಾಥನನ್ನು ನೆನೆಯುತ್ತಿದ್ದರು. ಅಪ್ಪ ಪಕ್ಕದ ಸೀಟಿನಲ್ಲಿ ಕೂತು ಬೆರಳು ಮಡಿಸುತ್ತಾ ತಿರುವು ಎಣಿಸುತ್ತಿದ್ದರು.

ಈ ರಸ್ತೆಯಲ್ಲಿ 1916ರಿಂದ ಕಾರ್ ರೇಸ್ ನಡೆಯುತ್ತದೆ. ರಸ್ತೆ ಮಾಡಿಸಿದ್ದು ಸ್ಪೆನ್ಸರ್ ಪೆನ್ರೋಸ್ ಎಂಬ ಸಾಹುಕಾರ. ರೇಸ್ ಓಡುವ 20 ಕಿಲೋಮೀಟರ್‌ನಲ್ಲೇ 156 ತಿರುವು. "ಆಗುಂಬೆಲಿ ಹದಿನಾಲ್ಕಕ್ಕೇ ದೊಡ್ಡ ಬಸ್ ಬಿಡಲ್ಲ, ಮಿನಿ ಬಸ್ಸೇ ಹೋಗ್ಬೇಕು" ಅಂದರು ಅಪ್ಪ. 2011ಕ್ಕೆ ಮೊದಲು ಇಲ್ಲಿ ಪೂರ್ತಿ ಡಾಂಬರು ಇರಲಿಲ್ಲ, ಮಣ್ಣಿನ ಮೇಲೇ ರೇಸ್ ಮಾಡುತ್ತಿದ್ದರು ಎಂದೆ. 2018ರಲ್ಲಿ ರೋಮೇನ್ ದ್ಯುಮಾ ಎಂಬಾತ ಫೋಕ್ಸ್‌ವ್ಯಾಗನ್‌ನ ಕರೆಂಟ್ ಕಾರಿನಲ್ಲಿ ಎಂಟು ನಿಮಿಷದೊಳಗೆ ಹತ್ತಿದ ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹತ್ತೋದು ಬಿಡು. ಇಳಿಯೋಕೆ ಎಷ್ಟು ತಗೊಂಡ?"

ಅದು ನನಗೆ ಗೊತ್ತಿರಲಿಲ್ಲ. ರೇಸ್ ತುದಿಗೇ ಮುಗಿಯುತ್ತೆ ಅಪ್ಪ ಎಂದೆ. "ಅದೇ ಮತ್ತೆ" ಅಂದರು.

ತುದಿಯ ಎತ್ತರ 14,115 ಅಡಿ, ಮೀಟರಿನಲ್ಲಿ 4,302. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅದರ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಇಲ್ಲಿಗೆ ಮುಟ್ಟುವುದಿಲ್ಲ. ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟಕ್ಕಿಂತ ನೂರಕ್ಕೆ ಸುಮಾರು 40 ಭಾಗ ಕಡಿಮೆ. ಕಾರಿನಿಂದ ಇಳಿದು ಹತ್ತು ಹೆಜ್ಜೆ ಹಾಕಿದ್ದಕ್ಕೇ ಎದೆ ಡಬಡಬ. ಅಮ್ಮ ತಂದಿದ್ದ ಕೋಡುಬಳೆ ಪ್ಯಾಕೆಟ್ ದಿಂಬಿನ ಹಾಗೆ ಊದಿಕೊಂಡಿತ್ತು. ಅಮ್ಮನಿಗೆ ತಲೆನೋವು ಶುರುವಾಗಿ ಕಾರಿನಲ್ಲೇ ಕೂತರು, ಹೆಂಡತಿ ಅವರ ಜೊತೆ ಉಳಿದಳು. ನಾನು ಅಪ್ಪ 2021ರಲ್ಲಿ ತೆರೆದ ಹೊಸ ಕಟ್ಟಡದೊಳಗೆ ಹೋದೆವು. ಅಲ್ಲಿ ಡೋನಟ್ ಕರಿಯುತ್ತಾರೆ. ಅಷ್ಟು ಎತ್ತರದಲ್ಲಿ ನೀರು 86 ಡಿಗ್ರಿಗೇ ಕುದಿಯುತ್ತದಂತೆ, ಹಿಟ್ಟಿನ ಅಳತೆಯನ್ನೇ ಅದಕ್ಕೆ ತಕ್ಕಂತೆ ಬದಲಿಸಿದ್ದಾರೆ. ಎಲ್ಲರೂ ಅದನ್ನು ಹೊಗಳುತ್ತಾರೆ. ನನಗೆ ಎಣ್ಣೆ ಜಾಸ್ತಿ ಅನ್ನಿಸಿತು. ಅಪ್ಪ ಮೂರು ತಿಂದರು. ಚಿತ್ರಾನ್ನ ಮಾತ್ರ ಅಲ್ಲಿ, ಆ ಚಳಿಯಲ್ಲಿ, ಕಾರಿನೊಳಗೆ ಬಾಗಿಲು ಹಾಕಿಕೊಂಡು ತಿಂದಾಗ ಎಷ್ಟು ರುಚಿಯಾಗಿತ್ತು ಅಂದರೆ, ನೋಟ ನೋಡುವುದನ್ನೂ ಮರೆತೆವು.

ಇಳಿಯಲು ಶುರು ಮಾಡಿದ ಎರಡನೇ ತಿರುವಿಗೇ ಅಪ್ಪ ಬಾಯಿಬಿಟ್ಟರು.

"ಲೋ, ಗಾಡಿ ಫ್ರೀ ಬರ್ತಾ ಇದೆ. ಗೇರ್ ಹಾಕೋ."

"ಇದು ಆಟೋಮ್ಯಾಟಿಕ್ ಅಪ್ಪ. ಅದೇ ನೋಡ್ಕೊಳ್ಳುತ್ತೆ."

"ಅದು ಏನ್ ನೋಡ್ಕೊಳ್ಳುತ್ತೋ. ನೀನು ಬ್ರೇಕ್ ಮೇಲೇ ಇದ್ದೀಯ."

ನಾನು ಉತ್ತರ ಕೊಡಲಿಲ್ಲ. ದಾರಿ ಬದಿಯಲ್ಲಿ ಕೆಳ ಗೇರ್ ಬಳಸಿ, ಬ್ರೇಕ್ ಬಿಸಿಯಾದರೆ ಹಿಡಿಯುವುದಿಲ್ಲ ಎಂಬ ಬೋರ್ಡ್‌ಗಳು ಬರುತ್ತಲೇ ಇದ್ದವು. ಅಪ್ಪನಿಗೆ ಇಂಗ್ಲಿಷ್ ಅಷ್ಟೇನೂ ಬರುವುದಿಲ್ಲ. ಆದರೆ ಗೇರ್, ಬ್ರೇಕ್ ಎಂಬ ಪದಗಳನ್ನು ಓದಲು ಬರುತ್ತದೆ. ಪ್ರತಿ ಬೋರ್ಡಿಗೂ ಒಂದು ಸಲ ನನ್ನ ಮುಖ ನೋಡುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಕಿಟಕಿ ಇಳಿಸಿ ಮೂಗು ಆಚೆ ಇಟ್ಟರು. "ಬ್ರೇಕ್ ಲೈನರ್ ವಾಸನೆ ಬಂತು" ಅಂದರು. ನನಗೂ ಬಂದಿತ್ತು. ಒಪ್ಪಿಕೊಳ್ಳಲಿಲ್ಲ.

ತುದಿಯಿಂದ ಆರು ಮೈಲಿ ಕೆಳಗೆ ಗ್ಲೆನ್ ಕೋವ್ ಎಂಬ ಜಾಗ. ಅಲ್ಲಿ ಇಳಿಯುವ ಗಾಡಿಗಳನ್ನು ನಿಲ್ಲಿಸಿ, ಬ್ರೇಕ್ ಎಷ್ಟು ಬಿಸಿಯಾಗಿದೆ ಎಂದು ನೋಡುತ್ತಾರೆ. ಕೊರೊನಾ ಕಾಲದಲ್ಲಿ ನಮ್ಮ ಹಣೆಗೆ ಹಿಡಿಯುತ್ತಿದ್ದರಲ್ಲ, ಅಂಥದ್ದೇ ಒಂದು ಯಂತ್ರವನ್ನು ಚಕ್ರಕ್ಕೆ ಹಿಡಿಯುತ್ತಾರೆ. 300 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹತ್ತಿರ ಹತ್ತಿರ 150 ಸೆಲ್ಸಿಯಸ್, ದಾಟಿದರೆ ಬದಿಗೆ ಹಾಕಿ ತಣ್ಣಗಾಗುವ ತನಕ ಕಾಯಬೇಕು. ಇಪ್ಪತ್ತು ಇಪ್ಪತ್ತೆರಡರ ಹುಡುಗಿ ಬಗ್ಗಿ ನಮ್ಮ ಚಕ್ರಕ್ಕೆ ಹಿಡಿದಳು. 342. ಯಾವ ಗೇರಲ್ಲಿ ಬಂದಿರಿ ಎಂದು ಕೇಳಿದಳು. ಡಿ ಎಂದೆ, ಅಂದರೆ ಆಟೋಮ್ಯಾಟಿಕ್‌ನ ಮಾಮೂಲಿ ಗೇರ್. ಏನೂ ಬಯ್ಯದೆ ನಗುತ್ತಾ ಪಾರ್ಕಿಂಗ್ ತೋರಿಸಿದಳು. ಅಪ್ಪನೂ ಏನೂ ಅನ್ನಲಿಲ್ಲ. ಅದು ಬೈಗುಳಕ್ಕಿಂತ ಜಾಸ್ತಿ ನಾಟಿತು.

ಕಾರು ನಿಲ್ಲಿಸಿ ಹಿಂದೆ ತಿರುಗಿದರೆ ಅಪ್ಪ ಇಲ್ಲ. ಆ ಹುಡುಗಿ ನಿಂತಿದ್ದ ಕಡೆ, ದಾರಿಯಿಂದ ಸ್ವಲ್ಪ ಈಚೆ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಚೆಕ್‌ಪೋಸ್ಟಿನಲ್ಲಿ ನಿಂತ ಕಂಟ್ರೋಲರ್ ಹಾಗೆ. ಓಡಿಹೋಗಿ, ಇವರು ನಮ್ಮ ತಂದೆ, ಬೆಟ್ಟದ ದಾರಿಯಲ್ಲಿ ಬಸ್ ಓಡಿಸುತ್ತಿದ್ದರು, ಸುಮ್ನೆ ನೋಡುತ್ತಿದ್ದಾರೆ ಎಂದು ಅವಳಿಗೆ ಹೇಳಿದೆ. ಎಷ್ಟು ಜನ ಕೂರುವ ಬಸ್ ಎಂದು ಕೇಳಿದಳು. ಅಪ್ಪನಿಗೆ ಹೇಳಿದೆ.

"ಕೂರೋರು ಐವತ್ತು. ನಿಂತೋರನ್ನ ಯಾರು ಎಣಿಸ್ತಾರೆ?"

ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಹುಡುಗಿ ಜೋರಾಗಿ ನಕ್ಕಳು. ಅಲ್ಲಿಂದ ಶುರುವಾಯಿತು.

ಅಪ್ಪ ಕೇಳುತ್ತಿದ್ದರು, ನಾನು ದಾಟಿಸುತ್ತಿದ್ದೆ. ಈ ಹುಡುಗಿ ಯಾವ ಊರಿನವಳು? ಕಾಲೇಜು ಓದುತ್ತಾ ಬೇಸಿಗೆಯಲ್ಲಿ ಮಾತ್ರ ಈ ಕೆಲಸ. ಬಿಸಿ ಚಕ್ರಕ್ಕೆ ನೀರು ಹಾಕುವವರು ಇದ್ದಾರಾ? ಇದ್ದಾರೆ, ಬೇಡ ಅಂದರೂ ಬಾಟಲಿ ಎತ್ತುತ್ತಾರೆ. ಅಪ್ಪ ತಲೆಗೆ ಕೈ ಹಚ್ಚಿಕೊಂಡರು. "ಕಾದ ಹೆಂಚಿನ ಮೇಲೆ ನೀರು ಹಾಕಿದ್ರೆ ಏನಾಗುತ್ತೆ? ಡ್ರಮ್ ಸೀಳುತ್ತೆ." ಅವಳು ಗಂಭೀರವಾಗಿ ತಲೆ ಆಡಿಸಿದಳು. ಮಂಜು ಬೀಳುತ್ತಾ? ಬೀಳುತ್ತೆ, ಹಿಮವೂ ಬೀಳುತ್ತೆ, ಆಗ ಮೇಲಿನ ರಸ್ತೆ ಮುಚ್ಚುತ್ತೇವೆ. ಅಪ್ಪನಿಗೆ ಇದು ಆಶ್ಚರ್ಯ. "ಮುಚ್ಚೋದಾ? ನಮಗೆ ಕೊಟ್ಟಿಗೆಹಾರ ದಾಟಿದ್ರೆ ಬಾನೆಟ್ ಮುಂದೆ ಏನೂ ಕಾಣ್ತಿರ್ಲಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನಿಂತು ಹೋಗ್ಲಿ ಹೋಗ್ಲಿ ಅನ್ನೋನು. ಅವನ ಬಾಯಿ ನಂಬ್ಕೊಂಡು ಇಳಿಸೋದು." ಹೋಗ್ಲಿ ಎನ್ನುವುದನ್ನು ಹೇಗೆ ಇಂಗ್ಲಿಷ್ ಮಾಡಲಿ? ಹಾಗೇ ಹೇಳಿಬಿಟ್ಟೆ. ಮುಂದಿನ ಕಾರಿಗೆ ಅವಳು "ಹೋಗ್ಲಿ" ಎಂದು ಕೈ ಬೀಸಿದಳು.

ಆಮೇಲೆ ಆಟ ಶುರುವಾಯಿತು. ಕಾರು ಬಂದು ನಿಂತ ತಕ್ಷಣ, ಯಂತ್ರ ಹಿಡಿಯುವ ಮೊದಲೇ, ಅಪ್ಪ ಮೂಗು ಎತ್ತಿ ಹೇಳುವುದು. ಒಂದು ಬಿಳಿ ಜೀಪಿಗೆ "ಇದು ಸುಟ್ಟಿದೆ" ಅಂದರು. 390. ಒಂದು ಹಳೇ ಪಿಕಪ್‌ಗೆ "ಇವನು ಊರಿನವನು, ಸರಿ ಇಳಿಸಿದ್ದಾನೆ" ಅಂದರು. 160. ಹುಡುಗಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮೂರನೆಯದು ಶಬ್ದವೇ ಇಲ್ಲದ ಕರೆಂಟ್ ಕಾರು. ಅಪ್ಪ ಅದರ ಸುತ್ತ ಒಂದು ಹೆಜ್ಜೆ ಹಾಕಿ, ಗೇರೇ ಇಲ್ಲದ ಗಾಡಿ, ಬರೀ ಬ್ರೇಕ್ ಮೇಲೇ ಬಂದಿರಬೇಕು, 300ರ ಮೇಲೆ ಅಂದರು. 110 ಬಂತು. ಇಳಿಯುವಾಗ ಮೋಟಾರೇ ಗಾಡಿಯನ್ನು ಹಿಡಿದು ನಿಧಾನ ಮಾಡುತ್ತೆ, ಆ ಶಕ್ತಿ ಬ್ಯಾಟರಿಗೆ ವಾಪಸ್ ಹೋಗುತ್ತೆ ಎಂದು ಅವಳು ಹೇಳಿದ್ದನ್ನು ಎರಡು ಸಲ ಬಿಡಿಸಿ ಹೇಳಿದೆ. ಸೋತಿದ್ದಕ್ಕೆ ಅಪ್ಪನಿಗೆ ಬೇಜಾರಾದಂತೆ ಕಾಣಲಿಲ್ಲ. "ಇಳಿಜಾರಲ್ಲಿ ಚಾರ್ಜ್ ಆಗುತ್ತಾ?" ಎಂದು ಮತ್ತೆ ಮತ್ತೆ ಕೇಳಿದರು.

ಕೊನೆಗೆ ಅವಳೇ ಒಂದು ಪ್ರಶ್ನೆ ಕೇಳಿದಳು. ನಾನು ಜನರಿಗೆ ದಿನಕ್ಕೆ ನೂರು ಸಲ ಕೆಳ ಗೇರ್ ಹಾಕಿ ಅನ್ನುತ್ತೇನೆ, ಯಾವ ಗೇರ್ ಅಂತ ಕೇಳುತ್ತಾರೆ, ನಿಮ್ಮ ಕಡೆ ಏನು ಹೇಳುತ್ತಾರೆ? ಅಪ್ಪ ಯೋಚನೆ ಮಾಡಲೇ ಇಲ್ಲ. "ಯಾವ ಗೇರಲ್ಲಿ ಹತ್ತಿದ್ಯೋ ಅದರಲ್ಲೇ ಇಳಿ." ಡ್ರೈವಿಂಗ್ ಕಲಿಯುವಾಗ ನನಗೂ ಇದನ್ನೇ ಹೇಳಿದ್ದರು. ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಬಾಯಿಗೆ ಬರುವ ತನಕ ಮೂರು ಸಲ ಹೇಳಿಕೊಂಡಳು. ಬಂದ ಮುಂದಿನ ಕಾರಿನವನಿಗೆ ಅದನ್ನೇ ಹೇಳಿದಳು. ಅಪ್ಪ ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ.

ಅರ್ಧ ಗಂಟೆ ಕಾಯಬೇಕಿತ್ತು, ನಾವು ಒಂದು ಗಂಟೆ ಇದ್ದೆವು. ಬೆಟ್ಟದ ನೆತ್ತಿಯ ಮೇಲೆ ಮೋಡ ಕಪ್ಪಾಗುತ್ತಿತ್ತು. ಗ್ಲೆನ್ ಕೋವ್‌ನಿಂದ ಮೂರು ಮೈಲಿ ಮೇಲೆ ಡೆವಿಲ್ಸ್ ಪ್ಲೇಗ್ರೌಂಡ್ ಅಂತ ಒಂದು ಜಾಗ ಇದೆ. ಮಿಂಚು ಬಂಡೆಯಿಂದ ಬಂಡೆಗೆ ಹಾರುತ್ತದೆ ಎಂದು ಆ ಹೆಸರು. ಅಮ್ಮ ಕಾರಿನಿಂದ ಹಾರನ್ ಹೊಡೆದರು. ನಮ್ಮ ಚಕ್ರಕ್ಕೆ ಹುಡುಗಿ ಇನ್ನೊಂದು ಸಲ ಯಂತ್ರ ಹಿಡಿದಳು. ಈ ಸಲ ಯಂತ್ರವನ್ನು ಅಪ್ಪನ ಕೈಗೇ ಕೊಟ್ಟಳು. ಅವರು ಕನ್ನಡಕ ಹುಡುಕಿ, ಹಾಕಿಕೊಂಡು, ಓದಿದರು. 128.

ನಾನು ಗೇರನ್ನು ಎರಡಕ್ಕೆ ಹಾಕಿದೆ. ಇಂಜಿನ್ ಜೋರಾಗಿ ಗೊರಗುಟ್ಟಿತು. ಮರಗಳು ಮತ್ತೆ ಬರುವ ತನಕ ಯಾರೂ ಮಾತಾಡಲಿಲ್ಲ.

"ಆ ಕೆಲಸಕ್ಕೆ ರಿಟೈರ್ ಆದೋರನ್ನ ತಗೋತಾರೇನೋ?" ಅಂದರು ಅಪ್ಪ.

"ನಿಮ್ಮದು ವಿಸಿಟರ್ ವೀಸಾ ಅಪ್ಪ."

"ಗೊತ್ತು ಕಣೋ. ಸುಮ್ನೆ ಕೇಳಿದೆ."

ಹಿಂದಿನ ಸೀಟಿನಲ್ಲಿ ಅಮ್ಮ ಕೋಡುಬಳೆ ಪ್ಯಾಕೆಟ್ ಒಡೆದರು. ಅದರ ಊತ ಆಗಲೇ ಅರ್ಧ ಇಳಿದುಹೋಗಿತ್ತು.