ಬೂಷ್ಟಿನ ಮೇಲೆ ಬಣ್ಣ ಹೊಡೆಸಿದ್ದು

ಮಾರಾಟಕ್ಕಿಡುವ ಮೊದಲು ಮನೆ ನೋಡಿ, ಏನೇನು ರಿಪೇರಿ ಬೇಕು ಅಂತ ಹೇಳುವುದು ನನ್ನ ಕೆಲಸ. ಶುರುವಿನ ದಿನಗಳಲ್ಲಿ ಮಾಡಿದ ಒಂದು ತಪ್ಪು ಇವತ್ತಿಗೂ ಅಟ್ಟದ ಏಣಿ ಹತ್ತುವಾಗ ನೆನಪಾಗುತ್ತದೆ.

ಮರದ ಚಾವಣಿಯ ಮನೆ ಅದು. ಅಟ್ಟದಲ್ಲಿ ಟಾರ್ಚ್ ಹಾಕಿ ನೋಡಿದರೆ ಪ್ಲೈವುಡ್ ಮೇಲೆ ಮಸಿ ಮೆತ್ತಿದ ಹಾಗೆ ಕಪ್ಪು ಬೂಷ್ಟು. ಮನೆಯವರಿಗೆ ಅವಸರ, ನನಗೂ ಅವಸರ. ಬ್ಲೀಚ್ ಹಾಕಿ ಒರೆಸಿ, ಮೇಲೊಂದು ಕೋಟ್ ಬಿಳಿ ಬಣ್ಣ ಹೊಡೆಸಿ ಅಂದೆ. ಹೊಡೆಸಿದರು. ನೋಡೋಕೆ ಚೆನ್ನಾಗೇ ಇತ್ತು.

ಕೊಳ್ಳುವವರ ಕಡೆಯ ತಪಾಸಣೆಯವರು ಅಟ್ಟದೊಳಗೆ ತಲೆ ಹಾಕಿ ಕೇಳಿದ ಮೊದಲ ಮಾತೇ, "ಅಟ್ಟಕ್ಕೆ ಯಾರ್ರೀ ಬಣ್ಣ ಹೊಡೆಸ್ತಾರೆ? ಅದೂ ಒಂದೇ ಮೂಲೆಗೆ?"

ನಾನು ತೊದಲಿದೆ. ಅವರು ಚಾವಣಿಯಿಂದ ಕೆಳಗೆ ಇಣುಕಿದ್ದ ಮೊಳೆಗಳ ತುದಿ ತೋರಿಸಿದರು. ಸಾಲಾಗಿ ಎಲ್ಲಕ್ಕೂ ತುಕ್ಕು. ಚಾವಣಿ ಸೋರುತ್ತಿದ್ದರೆ ಒಂದು ಕಡೆ ಕಲೆ ಇರುತ್ತದೆ. ಇಷ್ಟೂ ಮೊಳೆಗೆ ತುಕ್ಕು ಅಂದರೆ ಒಳಗಿನ ಹಬೆ ತಣ್ಣನೆಯ ಚಾವಣಿಗೆ ತಾಗಿ ಹನಿಯಾಗುತ್ತಿದೆ. ಹಬೆ ಎಲ್ಲಿಂದ? ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನಿನ ಪೈಪು ಹೊರಗೆ ಹೋಗಿರಲೇ ಇಲ್ಲ. ಅಟ್ಟದ ಮಧ್ಯೆ ಸುಮ್ನೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಸೂರಿನಂಚಿನ ಗಾಳಿಕಿಂಡಿಗಳನ್ನು ಇನ್ಸುಲೇಶನ್, ಅಂದರೆ ಬಿಸಿ-ಚಳಿ ತಡೆಯಲು ಅಟ್ಟದಲ್ಲಿ ಹಾಸುವ ಪದರ, ಮುಚ್ಚಿತ್ತು. ದಿನಾ ಸ್ನಾನದ ಹಬೆಯೆಲ್ಲ ಮರಕ್ಕೇ.

ವ್ಯಾಪಾರ ಮುರಿಯಿತು. "ಬೂಷ್ಟು ಇದೆ ಅಂತ ಹೇಳಿದ್ದರೆ ಬೆಲೆಯಲ್ಲಿ ನೋಡಿಕೊಳ್ಳುತ್ತಿದ್ದೆವು. ಇದನ್ನೇ ಮುಚ್ಚಿದವರು ಇನ್ನೇನೇನು ಮುಚ್ಚಿದ್ದಾರೋ" ಅಂದರು ಕೊಳ್ಳುವವರು. ಆ ಮಾತು ಬಿದ್ದದ್ದು ಮನೆಯವರ ಮೇಲೆ. ಸಲಹೆ ನನ್ನದು.

ಈಗ ನಾನು ಬೂಷ್ಟು ಮುಟ್ಟುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕುತ್ತೇನೆ. ಪೈಪು ಹೊರಗೆ ಹೋಗಬೇಕು, ಕಿಂಡಿಗಳು ತೆರೆಯಬೇಕು, ನೆನೆದ ಇನ್ಸುಲೇಶನ್ ತೆಗೆಯಬೇಕು. ಆಮೇಲೆ ಕಾಯುವುದು. ತೇವದ ಮೀಟರ್ ಮರಕ್ಕೆ ಚುಚ್ಚಿದರೆ ಶೇ 20ಕ್ಕಿಂತ ಕೆಳಗೆ ತೋರಿಸಬೇಕು. ಮನೆಯವರಿಗೆ ಈ ಕಾಯುವುದೇ ಕಷ್ಟ, ಆದರೆ ಒದ್ದೆ ಮರವನ್ನು ಎಷ್ಟು ಉಜ್ಜಿದರೂ ಬೂಷ್ಟು ಮತ್ತೆ ಬರುತ್ತದೆ. ಅದರ ಮೇಲೆ ಹೊಡೆದ ಬಣ್ಣವೂ ಸಿಪ್ಪೆ ಏಳುತ್ತದೆ.

ಬ್ಲೀಚ್ ಸಹವಾಸ ಬಿಟ್ಟಿದ್ದೇನೆ. ಬೂಷ್ಟು ಸತ್ತರೂ ಅಲರ್ಜಿ ಮಾಡಬಲ್ಲದು, ಹಾಗಾಗಿ ಅದನ್ನು ತೆಗೆದೇ ಹಾಕಬೇಕು. ತೀರಾ ಸಣ್ಣ ಪುಡಿಯನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್‌ನಿಂದ ಎಳೆದು, ಉಜ್ಜಿ, ಮತ್ತೆ ವ್ಯಾಕ್ಯೂಮ್. ಎನ್95 ಮಾಸ್ಕ್, ಕೈಗವಸು, ಕನ್ನಡಕ ಬೇಕೇ ಬೇಕು. ಅಟ್ಟದ ಬಾಗಿಲು ಮುಚ್ಚಿರಬೇಕು, ಇಲ್ಲದಿದ್ದರೆ ಆ ಪುಡಿಯೆಲ್ಲ ಮನೆಯೊಳಗೆ ಇಳಿಯುತ್ತದೆ. ಸುಮಾರು 10 ಚದರ ಅಡಿಗಿಂತ ಜಾಸ್ತಿ ಹಬ್ಬಿದ್ದರೆ ಇದೇ ಕೆಲಸ ಮಾಡುವವರನ್ನು ಕರೆಸುತ್ತೇನೆ. ಯಾವ ಜಾತಿಯ ಬೂಷ್ಟು ಅಂತ ಲ್ಯಾಬಿಗೆ ಕಳಿಸೋಣವಾ ಅಂತ ತುಂಬ ಜನ ಕೇಳುತ್ತಾರೆ. ಜಾತಿ ಯಾವುದಾದರೂ ಮಾಡುವ ಕೆಲಸ ಇಷ್ಟೇ ಅಲ್ವಾ?

ಉಜ್ಜಿದ ಮೇಲೂ ಮರದಲ್ಲಿ ಕಲೆ ಉಳಿಯಬಹುದು. ಉಳಿಯಲಿ. ಮೊದಲಿನ ಫೋಟೊ, ಆಮೇಲಿನ ಫೋಟೊ, ಮೀಟರ್ ತೋರಿಸಿದ ಅಂಕಿ, ಬಿಲ್ಲು, ಎಲ್ಲ ಒಂದು ಫೈಲಿಗೆ ಹಾಕಿ ಕೊಳ್ಳುವವರು ಕೇಳುವ ಮೊದಲೇ ಕೊಡಿಸುತ್ತೇನೆ.

ಮೊನ್ನೆ ಒಬ್ಬರು ಫೈಲ್ ತೆರೆಯಲೂ ಇಲ್ಲ. "ಫ್ಯಾನ್ ಹಾಕಿ" ಅಂದವರೇ ಹೊರಗೆ ಹೋಗಿ, ಗೋಡೆಯಲ್ಲಿ ಪೈಪಿನ ಬಾಯಿಗಿದ್ದ ಮುಚ್ಚಳ ಅಲ್ಲಾಡುತ್ತಿದೆಯಾ ಅಂತ ಕತ್ತೆತ್ತಿ ನೋಡಿದರು. ಅಲ್ಲಾಡುತ್ತಿತ್ತು.