ಮೊದಲು ಮರ ಹೊಗಳು, ಆಮೇಲೆ ಮೆಟ್ಟಿಲು ಗುಡಿಸು

ನಮ್ಮ ಅಡುಗೆಮನೆಯ ಕಪಾಟಿನ ಮೇಲೆ ಒಂದು ತಗಡಿನ ಡಬ್ಬಿ ಇದೆ. ಮುಚ್ಚಳದ ಮೇಲೆ ಹಿಮದಲ್ಲಿ ಗಾಡಿ ಎಳೆಯುವ ಕುದುರೆಯ ಚಿತ್ರ, ಅಂಚಿಗೆ ಸ್ವಲ್ಪ ತುಕ್ಕು. ಒಳಗೆ ಉಳಿದಿರೋದು ಐದು ಬಿಸ್ಕತ್ತು, ಜೊತೆಗೆ ಒಂದು ಬಾಡಿದ ಸೇಬಿನ ಹೋಳು. ಡಬ್ಬಿ ನಮ್ಮದಲ್ಲ. ಮೇಲಿನ ಮನೆಯ ಅಜ್ಜಿಯದು.

ನಾವಿರೋದು ಜರ್ಮನಿಯ ರಾಯ್ಟ್‌ಲಿಂಗನ್‌ನಲ್ಲಿ. ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಊರಿನ ಪಕ್ಕದಲ್ಲೇ ಆಖಾಲ್ಮ್ ಅನ್ನೋ ಒಂಟಿ ಗುಡ್ಡ, 707 ಮೀಟರ್ ಎತ್ತರ. ಈ ಸೀಮೆಯ ಆಡುಮಾತು ಸ್ವೇಬಿಯನ್. ನಾವು ಬಸ್ಸು, ಕಾರು ಅಂತ ಕೊನೆಗೆ ಉಕಾರ ಸೇರಿಸುತ್ತೇವಲ್ಲ, ಹಾಗೆ ಇವರು ಸಿಕ್ಕಿದ್ದಕ್ಕೆಲ್ಲ 'ಲೆ' ಸೇರಿಸುತ್ತಾರೆ. ಸೇರಿಸಿದ ಕೂಡಲೇ ವಸ್ತು ಪುಟ್ಟದೂ ಆಗುತ್ತೆ, ಮುದ್ದೂ ಆಗುತ್ತೆ.

ಫೋನ್ ಮಾಡಿದಾಗ ಊರಿನವರು ಕೇಳೋದು ಒಂದೇ. "ಅಲ್ಲಿ ಕ್ರಿಸ್‌ಮಸ್ ಭಾರೀ ಜೋರು ಅಲ್ವಾ?" ಜೋರೆಲ್ಲ ಹಬ್ಬಕ್ಕೆ ಮುಂಚೆ. ಡಿಸೆಂಬರಿನಲ್ಲಿ ಪೇಟೆಯ ನಡುವೆ ಸಂತೆ, ದೀಪ, ಬಿಸಿ ವೈನಿನ ಘಮ. 24ರ ಮಧ್ಯಾಹ್ನ ಎರಡಕ್ಕೆ ಅಂಗಡಿಗಳು ಬಾಗಿಲು ಹಾಕಿದವು ಅಂದರೆ ಊರೇ ಬಾಗಿಲು ಹಾಕಿಕೊಳ್ಳುತ್ತೆ. 25, 26 ಎರಡೂ ರಜೆ. ಬಂದ ಮೊದಲ ವರ್ಷ ನಾನು 24ರ ಸಂಜೆ ನಾಲ್ಕಕ್ಕೆ ಹಾಲು ತರೋಕೆ ಚೀಲ ಹಿಡಿದು ಹೊರಟಿದ್ದೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಕಿಟಕಿಗಳಲ್ಲಿ ಮಾತ್ರ ಬೆಳಕು. ಒಳಗೆ ಅವರವರ ಮನೆಯವರು, ಅವರವರ ಮೇಜು, ಆಲೂಗಡ್ಡೆ ಸಲಾಡು. ಅಕ್ಕಪಕ್ಕದವರನ್ನು ಆ ರಾತ್ರಿ ಯಾರೂ ಕರೆಯಲ್ಲ, ಅದು ಪೂರ್ತಿ ಮನೆಮಂದಿಯ ಹಬ್ಬ. ಎರಡೂವರೆ ದಿನ ಹಾಲಿಲ್ಲದ ಚಹಾ ಕುಡಿದೆವು. ನಮ್ಮ ಹಬ್ಬದ ದಿನ ಬಾಗಿಲು ಹಾಕಿದ ಮನೆ ಕಂಡರೆ ಅಲ್ಲಿ ಏನೋ ಕೆಟ್ಟದ್ದು ಆಗಿದೆ ಅಂದುಕೊಳ್ಳುವ ನನಗೆ ಅದು ಬಹಳ ಬೇಜಾರಾಗಿತ್ತು.

ಬಾಗಿಲು ತೆರೆಯೋದು 27ರ ಮೇಲೆ. ಇಷ್ಟು ತಿಳಿಯೋಕೆ ಮೂರು ವರ್ಷ ಹಿಡಿಯಿತು.

ಆಗಿನಿಂದ ಜನವರಿ 6ರವರೆಗಿನ ದಿನಗಳಿಗೆ ಇಲ್ಲಿ 'ವರ್ಷಗಳ ನಡುವೆ' ಅಂತ ಹೆಸರು. ಹಿಂದೆ ಒಂದೊಂದು ಸೀಮೆಯಲ್ಲಿ ಒಂದೊಂದು ದಿನ ಹೊಸ ವರ್ಷ. ಪೋಪ್ ಹೊಸ ಕ್ಯಾಲೆಂಡರ್ ತಂದದ್ದು 1582ರಲ್ಲಿ, ಜರ್ಮನಿಯ ಪ್ರಾಟೆಸ್ಟೆಂಟ್ ಸಂಸ್ಥಾನಗಳು ಅದನ್ನು ಒಪ್ಪಿದ್ದು 1700ರಲ್ಲಿ. ಅಲ್ಲಿಯವರೆಗೆ ಒಬ್ಬರ ವರ್ಷ ಮುಗಿದಿರುತ್ತಿತ್ತು, ಪಕ್ಕದೂರಿನವರದು ಇನ್ನೂ ನಡೆಯುತ್ತಿತ್ತು. ಹೆಸರು ಬಂದದ್ದು ಹಾಗೆ ಅಂತಾರೆ. ಚಾಂದ್ರಮಾನ, ಸೌರಮಾನ ಅಂತ ಎರಡೆರಡು ಯುಗಾದಿ ಕಂಡ ನಮಗೆ ಇದೇನು ಹೊಸದಲ್ಲ ಬಿಡಿ.

ಈ ದಿನಗಳಲ್ಲಿ ಸ್ವೇಬಿಯನ್ ಜನ ಒಂದು ಕೆಲಸ ಮಾಡುತ್ತಾರೆ. ಅದಕ್ಕೆ 'ಕ್ರಿಸ್ಟ್‌ಬೌಮ್‌ಲೋಬೆನ್' ಅನ್ನುತ್ತಾರೆ. ಕ್ರಿಸ್‌ಮಸ್ ಮರವನ್ನು ಹೊಗಳೋದು, ಅಷ್ಟೇ. ಗೊತ್ತಿರುವವರ ಮನೆಗೆ ಹೋಗಬೇಕು. ಮರದ ಮುಂದೆ ನಿಂತು "ಆಹಾ, ಎಂಥಾ ಚೆಂದದ ಮರ!" ಅನ್ನಬೇಕು. ಹೊಗಳಿದ ಮೇಲೆ ಮನೆಯವರು ಒಂದು ಸಣ್ಣ ಲೋಟ ಶ್ನಾಪ್ಸ್ ಕೊಡಲೇಬೇಕು. ಮರ ಸೊಟ್ಟಗಿದ್ದರೂ ಹೊಗಳಬೇಕು. ಸೊಟ್ಟಗಿದ್ದರೆ ಜಾಸ್ತಿ ಹೊಗಳಬೇಕು ಅಂತ ನನ್ನ ಅನುಭವ. ಕುಡಿಯದ ನನಗೆ ಸೇಬಿನ ರಸ, ನಮ್ಮ ಮನೆಯವರಿಗೆ ಮಾತ್ರ ಅಸಲಿ ಮಾಲು. ಮೂರನೇ ಮನೆಗೆ ಬರುವ ಹೊತ್ತಿಗೆ ಅವರ ಹೊಗಳಿಕೆಯಲ್ಲಿ ವ್ಯಾಕರಣ ಸಡಿಲವಾಗಿತ್ತು, ಭಕ್ತಿ ಹೆಚ್ಚಾಗಿತ್ತು.

ನಾಲ್ಕನೆಯದು ನಮ್ಮದೇ ಕಟ್ಟಡದ ಮೇಲಿನ ಮನೆ. ಅಜ್ಜಿ ಅಂತ ನಾನು ಕರೆಯೋದು ಮನಸ್ಸಿನಲ್ಲಿ. ಎದುರಿಗೆ ಸಿಕ್ಕರೆ 'ಫ್ರಾವ್' ಅಂತ ಸೇರಿಸಿ ಮನೆತನದ ಹೆಸರು ಹೇಳಬೇಕು, 'ಝೀ', ಅಂದರೆ ನೀವು, ಅಂತ ಬಹುವಚನದಲ್ಲಿ ಮಾತಾಡಬೇಕು. ಮೂರು ವರ್ಷದಿಂದ ಹಾಗೇ ನಡೆದಿತ್ತು. ಮರ ಹೊಗಳಿ ಹೊರಡುವಾಗ ಅವರು ಕೈಗೆ ಕೊಟ್ಟದ್ದೇ ಈ ಡಬ್ಬಿ.

ಅದರ ತುಂಬ ಶ್ಪ್ರಿಂಗರ್ಲೆ. ನೋಡಿ, ಇಲ್ಲೂ 'ಲೆ'. ಮೊಟ್ಟೆ, ಪುಡಿ ಸಕ್ಕರೆ, ಮೈದಾ ಕಲಸಿ, ಲಟ್ಟಿಸಿ, ಮರದ ಅಚ್ಚು ಒತ್ತುತ್ತಾರೆ. ಅಜ್ಜಿಯ ಅಚ್ಚಿನಲ್ಲಿ ಒಂದು ಹುಂಜ, ಒಂದು ಹೂಬುಟ್ಟಿ, ಕೊಳಲೂದುವ ಹುಡುಗ. ಒತ್ತಿದ್ದನ್ನು ಒಂದು ದಿನ ಹಾಗೇ ಆರಲು ಬಿಡಬೇಕು. ಮೇಲಿನ ಪದರ ಒಣಗಿ ಗಟ್ಟಿಯಾಗುತ್ತೆ. ಒಲೆಗಿಟ್ಟಾಗ ಹಿಟ್ಟು ಮೇಲಕ್ಕೆ ಉಬ್ಬೋಕೆ ಆಗದೆ ಕೆಳಗಡೆ ಉಬ್ಬುತ್ತೆ. ಚಿತ್ರ ಬೆಳ್ಳಗೆ ಹಾಗೇ ಉಳಿದು, ಬುಡದಲ್ಲಿ ಒಂದು ಹೊಂಬಣ್ಣದ ಅಂಚು ಏಳುತ್ತೆ. ಅದಕ್ಕೆ ಇವರು 'ಪಾದ' ಅನ್ನುತ್ತಾರೆ. ಪಾದ ಸರಿಯಾಗಿ ಬರದಿದ್ದರೆ ಮಾಡಿದವರಿಗೆ ಮುಖ ತೋರಿಸೋಕೆ ಆಗಲ್ಲ. ಉಬ್ಬೋಕೆ ಹಾಕುವ ಉಪ್ಪಿನ ಹೆಸರು ಜಿಂಕೆ ಕೊಂಬಿನ ಉಪ್ಪು. ಹಿಂದೆ ನಿಜವಾಗಿ ಕೊಂಬಿನಿಂದಲೇ ತೆಗೆಯುತ್ತಿದ್ದರಂತೆ. ಈಗ ಅದು ಬರೀ ಅಮೋನಿಯಂ ಕಾರ್ಬೊನೇಟ್. ಇದನ್ನು ಅಮ್ಮನಿಗೆ ಬಿಡಿಸಿ ಹೇಳುವಷ್ಟರಲ್ಲಿ ಅವರು "ಕೊಂಬಾ? ನೀನು ತಿಂದೆಯಾ?" ಅಂತ ಮೂರು ಸಲ ಕೇಳಿಯಾಗಿತ್ತು.

ತಿಂದೆ. ಅಂದರೆ ಕಚ್ಚಿದೆ. ಕಲ್ಲು. ಹುಂಜಕ್ಕೆ ಏನೂ ಆಗಲಿಲ್ಲ, ನನ್ನ ದವಡೆ ಹಲ್ಲು ಜುಂ ಅಂತು. ಮರುದಿನ ಮೆಟ್ಟಿಲ ಮೇಲೆ ಸಿಕ್ಕ ಅಜ್ಜಿ ಹೇಗಿತ್ತು ಅಂತ ಕೇಳಿದರು. ಬಹಳ ಚೆನ್ನಾಗಿತ್ತು ಅಂದೆ. ಅವರು ನನ್ನ ಕೆನ್ನೆ ನೋಡಿ ನಕ್ಕರು. ಡಬ್ಬಿಯೊಳಗೆ ಒಂದು ಸೇಬಿನ ಹೋಳು ಇಟ್ಟು ಮುಚ್ಚಬೇಕಂತೆ. ಎರಡು ದಿನಕ್ಕೆ ಮೆತ್ತಗಾಗುತ್ತೆ. ಆಗಲೇ ಸೋಂಪಿನಂಥ ಆನಿಸ್‌ ಕಾಳಿನ ಘಮ ಹೊರಗೆ ಬರೋದು. ಇದನ್ನು ಯಾವ ಪಾಕಪುಸ್ತಕದಿಂದಲೂ ನಾನು ಕಲಿಯುತ್ತಿರಲಿಲ್ಲ.

ಜನವರಿ 6 ಇಲ್ಲಿ ರಜೆ. ಜರ್ಮನಿಯ ಹದಿನಾರು ರಾಜ್ಯಗಳಲ್ಲಿ ಮೂರಕ್ಕೆ ಮಾತ್ರ ಈ ರಜೆ ಇದೆ, ನಮ್ಮದು ಅದರಲ್ಲೊಂದು. ಕ್ಯಾಥೊಲಿಕ್ ಚರ್ಚಿನ ಮಕ್ಕಳು ತಲೆಗೆ ಕಾಗದದ ಕಿರೀಟ ಇಟ್ಟುಕೊಂಡು, ಶಿಶು ಯೇಸುವನ್ನು ನೋಡೋಕೆ ಬಂದ ಮೂವರು ರಾಜರಾಗಿ ಹಾಡುತ್ತಾ ಬಂದರು. ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ 20, ಸಿ, ಎಂ, ಬಿ, 26 ಅಂತ ಬರೆದರು. ಕ್ರಿಸ್ತ ಈ ಮನೆಯನ್ನು ಹರಸಲಿ ಅನ್ನುವ ಲ್ಯಾಟಿನ್ ಮಾತಿನ ಮೊದಲ ಅಕ್ಷರಗಳು ಅವು. ಒಬ್ಬ ರಾಜನಿಗೆ ಎಟುಕದೆ ನಮ್ಮ ಚಪ್ಪಲಿ ಸ್ಟ್ಯಾಂಡಿನ ಮೇಲೆ ಹತ್ತಿದ.

ಇಲ್ಲಿಗೆ ಹಬ್ಬ ಮುಗಿಯಿತು ಅಂತ ಉಳಿದ ಜರ್ಮನಿ ಅಂದುಕೊಳ್ಳುತ್ತೆ. ರಾಯ್ಟ್‌ಲಿಂಗನ್ ಒಪ್ಪಲ್ಲ. 6ರ ನಂತರದ ಮೊದಲ ಗುರುವಾರ ಇಲ್ಲಿ ಮುಚ್ಚೆಲ್ ದಿನ. ಈ ವರ್ಷ 8ನೇ ತಾರೀಕು ಬಂತು. ಮುಚ್ಚೆಲ್ ಅಂದರೆ ಎಂಟು ಕೋಡಿನ ನಕ್ಷತ್ರದ ಆಕಾರದ ಬೆಣ್ಣೆ ಬ್ರೆಡ್ಡು. ನಡುವೆ ಒಂದು ಗುಬ್ಬು, ಅದು ಆಖಾಲ್ಮ್ ಗುಡ್ಡ ಅಂತ ಊರಿನವರ ನಂಬಿಕೆ. (ಅಮ್ಮ ಫೋನಿನಲ್ಲಿ ಇದನ್ನು ಕೊನೆಯವರೆಗೂ 'ಮುಚ್ಚಳ' ಅಂತಲೇ ಕೇಳಿಸಿಕೊಂಡರು. ನಾನೂ ತಿದ್ದಲಿಲ್ಲ.) ಅದನ್ನು ಸುಮ್ನೆ ತಿನ್ನೋ ಹಾಗಿಲ್ಲ, ದಾಳ ಹಾಕಿ ಗೆಲ್ಲಬೇಕು. ಅವತ್ತು ಸಂಜೆ ಹೋಟೆಲು, ಸಂಘ, ಮನೆ ಎಲ್ಲ ಕಡೆ ಚರ್ಮದ ಲೋಟದಲ್ಲಿ ದಾಳ ಕುಲುಕುವ ಸದ್ದು. ಆಟಗಳ ಹೆಸರೂ ಹಾಗೇ. ಒಂದು 'ಗೋಪುರದಿಂದ ಕಾವಲುಗಾರ ಊದುತ್ತಾನೆ', ಇನ್ನೊಂದು 'ಬೆತ್ತಲೆ ಲೂಯಿಸ್ಲೆ'. ಮತ್ತೊಂದು ಬಾತುಕೋಳಿ ಹಾಕುವ ಉದ್ದನೆ ಹಿಕ್ಕೆಯ ಮೇಲಿದೆ. ಇಷ್ಟು ಶಿಸ್ತಿನ ಜನ ಒಂದು ಸಂಜೆ ಹೀಗಾಗೋದು ನೋಡೋಕೆ ಚೆಂದ.

ಅಜ್ಜಿಯ ಮನೆಯಲ್ಲಿ ನಾವು ಆಡಿದ್ದು 'ಮನೆ ನಂಬರ್'. ಒಂದೇ ದಾಳ, ಮೂರು ಎಸೆತ. ಪ್ರತಿ ಸಲ ಬಿದ್ದ ಅಂಕಿಯನ್ನು ನೂರರ ಜಾಗಕ್ಕೋ, ಹತ್ತರ ಜಾಗಕ್ಕೋ, ಬಿಡಿ ಜಾಗಕ್ಕೋ ಆಗಲೇ ಬರೆದುಬಿಡಬೇಕು. ಆಮೇಲೆ ಬದಲಾಯಿಸೋ ಹಾಗಿಲ್ಲ. ದೊಡ್ಡ ನಂಬರು ಗೆಲ್ಲುತ್ತೆ. ನನಗೆ ಮೊದಲು ಬಿದ್ದದ್ದು ನಾಲ್ಕು. ಇದಕ್ಕಿಂತ ದೊಡ್ಡದು ಎಲ್ಲಿ ಬರುತ್ತೆ ಅಂತ ಹೆದರಿ ನೂರರ ಜಾಗಕ್ಕೆ ಹಾಕಿದೆ. ಮುಂದಿನ ಎರಡೂ ಆರು. 466. ಅಜ್ಜಿಗೆ ಮೊದಲು ಬಿದ್ದದ್ದು ಎರಡು. ಯೋಚನೆಯೇ ಇಲ್ಲದೆ ಬಿಡಿ ಜಾಗಕ್ಕೆ ಹಾಕಿದರು. ಆಮೇಲೆ ಐದು, ನೂರಕ್ಕೆ. ಆಮೇಲೆ ಒಂದು. 512. ಮುಚ್ಚೆಲ್ಲನ್ನು ತಮ್ಮ ಕಡೆಗೆ ಎಳೆದುಕೊಂಡು, ಒಂದು ಕೋಡು ಮುರಿದು ನನ್ನ ಮಗಳಿಗೆ, ಒಂದು ನನಗೆ ಕೊಟ್ಟರು. ಕೊಡುತ್ತಾ, "ಇಷ್ಟು ಹೆದರಿಕೊಂಡು ಆಡುವವರ ಜೊತೆ ಇನ್ನು ಝೀ ಬೇಡ, ಡು ಸಾಕು" ಅಂದು ತಮ್ಮ ಮೊದಲ ಹೆಸರು ಹೇಳಿ ಕೈ ಚಾಚಿದರು.

ಡು ಅಂದರೆ ನೀನು. ಇಲ್ಲಿ ಅದನ್ನು ಹಿರಿಯರೇ ಮೊದಲು ಕೊಡಬೇಕು, ನಾವಾಗಿ ತೆಗೆದುಕೊಳ್ಳೋ ಹಾಗಿಲ್ಲ. ನಾನು ನನ್ನ ಸ್ವಂತ ಅಜ್ಜಿಯನ್ನು ಹುಟ್ಟಿದಾಗಿನಿಂದ ನೀನು ಅಂದವಳು. ಆದರೂ ಎಪ್ಪತ್ತೊಂಬತ್ತು ವರ್ಷದ ಈ ಹೆಂಗಸಿಗೆ 'ಡು' ಅನ್ನೋಕೆ ಅವತ್ತು ನಾಲಿಗೆ ಹೊರಳಲಿಲ್ಲ. ಇಡೀ ಸಂಜೆ ಕ್ರಿಯಾಪದ ನುಂಗಿಕೊಂಡೇ ಮಾತಾಡಿದೆ.

ಶನಿವಾರ ಬೆಳಿಗ್ಗೆ ಹಳೆ ಮರ ಒಯ್ಯೋಕೆ ಹುಡುಗರು ಟ್ರ್ಯಾಕ್ಟರ್ ತಂದಿದ್ದರು. ಮರ ಬೀದಿ ಬದಿಯಲ್ಲಿ ಇಟ್ಟು, ಕೈಲಾದ ಚಿಲ್ಲರೆ ಕಾಣಿಕೆ ಕೊಟ್ಟರೆ ಆಯಿತು. ಅಜ್ಜಿಯ ಮರವನ್ನು ಕೆಳಗೆ ಇಳಿಸುವ ಕೆಲಸ ನಾನು ವಹಿಸಿಕೊಂಡೆ. ಎರಡು ವಾರ ಹೀಟರ್ ಪಕ್ಕ ನಿಂತ ಮರ. ಮೊದಲ ತಿರುವಿನಲ್ಲಿ ಗೋಡೆಗೆ ತಾಗಿತು, ಸರ್ರ್ ಅಂತ ಅರ್ಧ ಸೂಜಿ ಉದುರಿತು. ಎರಡನೇ ತಿರುವಿನಲ್ಲಿ ಉಳಿದರ್ಧ. ಕೆಳಗೆ ಮುಟ್ಟಿದಾಗ ನನ್ನ ಕೈಯಲ್ಲಿದ್ದದ್ದು ಒಂದು ಕೋಲು, ಅದಕ್ಕೆ ಸಿಕ್ಕಿಕೊಂಡ ಒಂದು ಹುಲ್ಲಿನ ನಕ್ಷತ್ರ.

ತಿರುಗಿ ಹತ್ತಿ ಬಂದರೆ ನಮ್ಮ ಬಾಗಿಲಲ್ಲಿ ಕೇರ್‌ವೋಖೆ ಫಲಕ ತೂಗುತ್ತಿತ್ತು. ಸ್ವೇಬಿಯನ್ ಕಟ್ಟಡಗಳಲ್ಲಿ ಮೆಟ್ಟಿಲು ಗುಡಿಸಿ ಒರೆಸೋಕೆ ಮನೆಗೊಂದು ವಾರ ಸರದಿ ಇರುತ್ತೆ, ಸರದಿ ಬಂದವರ ಬಾಗಿಲಿಗೆ ಆ ಫಲಕ. ಅಜ್ಜಿ ಮೇಲಿನ ಕಟಾಂಜನ ಹಿಡಿದು ಬಗ್ಗಿ, ಮೂರು ಮಹಡಿಯ ಹಸಿರು ಹಾಸು ನೋಡುತ್ತಾ ನಿಂತಿದ್ದರು.

"ನೋಡು," ಅಂದರು, ಬಾಯಿ ತುಂಬ ಡು ಸೇರಿಸಿ, "ಈ ವಾರ ನಿನ್ನದೇ ಸರದಿ."

"ನೀನೇ ಮರ ಇನ್ನೊಂದು ವಾರ ಇಟ್ಟುಕೊಳ್ಳಬೇಕಿತ್ತು," ಅಂದುಬಿಟ್ಟೆ.