ಒಂದೇ ಲೈನು, ಎರಡು ಎಕ್ಸ್‌ಬಾಕ್ಸು: ಪ್ಲಾನ್ ಬದಲಿಸುವ ಮೊದಲು ರೌಟರ್ ನೋಡಿ

ಮನೆಗೆ ಎರಡನೇ ಗೇಮ್ ಕನ್ಸೋಲ್ ಬಂದ ಕೂಡಲೇ ಎಲ್ಲರೂ ಹೇಳುವ ಮಾತು ಒಂದೇ: ಪ್ಲಾನ್ ದೊಡ್ಡದು ಮಾಡಿಸಿ. ಕೇಬಲ್ ಎಳೆಯಲು ಬಂದ ಹುಡುಗನೂ ಅದನ್ನೇ ಹೇಳುತ್ತಾನೆ, ಕನ್ಸೋಲ್ ಮಾರಿದವರೂ ಅದನ್ನೇ ಹೇಳುತ್ತಾರೆ. ಬೇಡ. ಸದ್ಯಕ್ಕಂತೂ ಬೇಡ. ಎರಡು ಕನ್ಸೋಲ್ ಒಟ್ಟಿಗೆ ಆನ್‌ಲೈನ್ ಹೋದಾಗ ಆಗುವ ಕಿರಿಕಿರಿಯಲ್ಲಿ ಹೆಚ್ಚಿನದಕ್ಕೂ ಸ್ಪೀಡಿಗೂ ಸಂಬಂಧವೇ ಇಲ್ಲ. ತಿಂಗಳು ತಿಂಗಳು ಸುಮ್ನೆ ದುಡ್ಡು ಹೋಗುತ್ತದೆ, ತೊಂದರೆ ಇದ್ದಲ್ಲೇ ಇರುತ್ತದೆ.

ನಮ್ಮದು ಬೆಳಗಾವಿಯ ಶಹಾಪುರದಲ್ಲಿ ಹಳೇ ಮನೆ. ಕೆಳಗೆ ಅಣ್ಣನ ಸಂಸಾರ, ಮೇಲೆ ನಾವು, ಇಂಟರ್ನೆಟ್ ಲೈನು ಮಾತ್ರ ಒಂದೇ. ಅಣ್ಣನ ಮಗನ ಹತ್ತಿರ ಒಂದು ಎಕ್ಸ್‌ಬಾಕ್ಸ್, ನನ್ನ ಮಗಳ ಹತ್ತಿರ ಇನ್ನೊಂದು. ಇಬ್ಬರಿಗೂ ಒಂದೇ ಆಟ ಬೇಕು, ಒಂದೇ ಟೀಮು ಬೇಕು, ಅದೂ ರಾತ್ರಿ ಊಟಕ್ಕೆ ಮುಂಚಿನ ಅದೇ ಒಂದು ತಾಸಿನಲ್ಲಿ. ಒಬ್ಬರೇ ಆಡಿದರೆ ಏನೂ ತಕರಾರಿಲ್ಲ. ಎರಡನೆಯವರು ಸೇರಿದರೆ ಶುರು: ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ, ಲಾಬಿಗೆ (ಆಟಕ್ಕೆ ಮುಂಚೆ ಆಟಗಾರರೆಲ್ಲ ಸೇರುವ ಜಾಗ) ಹೋಗಲು ಬಿಡುವುದಿಲ್ಲ, ಹೇಗೋ ಒಳಗೆ ಹೋದರೂ ಸ್ವಲ್ಪ ಹೊತ್ತಿಗೆ ಹೊರಗೆ ಬೀಳುತ್ತಾರೆ. ಸ್ಪೀಡ್ ಟೆಸ್ಟ್ ಮಾಡಿದರೆ ಪೂರ್ತಿ ನೂರು ಎಂಬಿಪಿಎಸ್ ತೋರಿಸುತ್ತದೆ.

ಆಟ ಆಡುವಾಗ ಹೋಗಿಬರುವ ಡೇಟಾ ಬಹಳ ಕಡಿಮೆ. ನೀವು ಎಲ್ಲಿದ್ದೀರಿ, ಯಾವ ಕಡೆ ತಿರುಗಿದಿರಿ, ಯಾವ ಬಟನ್ ಒತ್ತಿದಿರಿ, ಇಷ್ಟೇ ಹೋಗುವುದು. ಚಿತ್ರ ತಯಾರಾಗುವುದು ನಿಮ್ಮ ಮನೆಯ ಕನ್ಸೋಲಿನಲ್ಲೇ. ಹೆಚ್ಚಿನ ಆಟಗಳಿಗೆ ಗಂಟೆಗೆ ನೂರಿನ್ನೂರು ಎಂಬಿ ಆಸುಪಾಸು ಸಾಕು, ಅಂದರೆ ಅರ್ಧ ಎಂಬಿಪಿಎಸ್‌ಗೂ ಕಡಿಮೆ. ಎರಡು ಕನ್ಸೋಲ್ ಸೇರಿದರೂ ಒಂದು ಎಂಬಿಪಿಎಸ್ ದಾಟುವುದು ಕಷ್ಟ. ಹಾಗಿದ್ದ ಮೇಲೆ ನೂರರ ಪ್ಲಾನನ್ನು ಇನ್ನೂರಕ್ಕೆ ಏರಿಸಿದರೆ ಏನು ಬದಲಾಗುತ್ತದೆ?

ಅಸಲಿ ಜಗಳ ಪೋರ್ಟಿನದು, ಅಂದರೆ ಡೇಟಾ ಹೋಗಿಬರಲು ರೌಟರ್ ತೆರೆಯುವ ನಂಬರ್ ಹಾಕಿದ ಬಾಗಿಲಿನದು. ಮನೆಯಲ್ಲಿ ಎಷ್ಟೇ ಫೋನು, ಟಿವಿ, ಕನ್ಸೋಲ್ ಇರಲಿ, ಹೊರಗಿನ ಜಗತ್ತಿಗೆ ಕಾಣುವುದು ಒಂದೇ ಐಪಿ ವಿಳಾಸ. ಒಳಗೆ ಬಂದ ಪ್ಯಾಕೆಟ್ (ಡೇಟಾದ ಚಿಕ್ಕ ತುಣುಕು) ಯಾವ ಸಾಧನಕ್ಕೆ ಸೇರಿದ್ದು ಅಂತ ರೌಟರ್ ಒಂದು ಪಟ್ಟಿ ಇಟ್ಟುಕೊಂಡು ಹಂಚುತ್ತದೆ. ಇದಕ್ಕೆ ನ್ಯಾಟ್ ಅನ್ನುತ್ತಾರೆ. ನಾವೇ ಮೊದಲು ಹೊರಗೆ ಏನಾದರೂ ಕಳಿಸಿ ಅದಕ್ಕೆ ಉತ್ತರ ಬಂದರೆ ರೌಟರಿಗೆ ಗೊಂದಲ ಇಲ್ಲ. ಆದರೆ ಆಟದಲ್ಲಿ ಬೇರೆ ಆಟಗಾರರ ಕನ್ಸೋಲು ತಾನಾಗಿಯೇ ನಮ್ಮ ಬಾಗಿಲಿಗೆ ಬರುವುದೂ ಇರುತ್ತದೆ. ಅದಕ್ಕೆ ಎಕ್ಸ್‌ಬಾಕ್ಸ್ ಮಾಮೂಲಾಗಿ ಕೇಳುವುದು ಯುಡಿಪಿ 3074 ಅನ್ನುವ ಪೋರ್ಟು. ಎರಡು ಎಕ್ಸ್‌ಬಾಕ್ಸ್ ಇದ್ದರೆ ಎರಡೂ 3074 ನನಗೇ ಬೇಕು ಅನ್ನುತ್ತವೆ. ರೌಟರ್ ಆ ನಂಬರನ್ನು ಒಬ್ಬರಿಗೆ ಮಾತ್ರ ಕೊಡಬಲ್ಲದು. ಕನ್ಸೋಲಿನಲ್ಲಿ ನ್ಯಾಟ್ ಟೈಪ್ ನೋಡಿದರೆ ಮೊದಲು ಆನ್ ಆದದ್ದಕ್ಕೆ ‘ಓಪನ್’ (ಬಾಗಿಲು ಪೂರ್ತಿ ತೆರೆದಿದೆ), ಎರಡನೆಯದಕ್ಕೆ ‘ಮಾಡರೇಟ್’ (ಅರ್ಧಂಬರ್ಧ) ಇಲ್ಲವೇ ‘ಸ್ಟ್ರಿಕ್ಟ್’ (ಬಿಗಿ). ಪ್ಲೇಸ್ಟೇಷನ್ನಿನಲ್ಲಿ ಇದನ್ನೇ ಟೈಪ್ 1, 2, 3 ಅಂತ ತೋರಿಸುತ್ತಾರೆ, 3 ಬಂದರೆ ತೊಂದರೆ ಇದೆ ಅಂತ ಅರ್ಥ. ನಮ್ಮ ಮನೆಯಲ್ಲಿ ಯಾರು ಮೊದಲು ಆನ್ ಮಾಡಿದರೋ ಅವರು ಆರಾಮ, ಇನ್ನೊಬ್ಬರು ಮುಖ ಊದಿಸಿಕೊಂಡು ಕೂರುವುದು ಇದೇ ಕಾರಣಕ್ಕೆ. ಒಂದು ಎಕ್ಸ್‌ಬಾಕ್ಸ್ ಒಂದು ಪ್ಲೇಸ್ಟೇಷನ್ ಇದ್ದರೆ ಈ ಗಲಾಟೆ ಕಡಿಮೆ, ಆದರೂ ಕಾಲ್ ಆಫ್ ಡ್ಯೂಟಿಯಂಥ ಆಟ ಎರಡರಲ್ಲೂ 3074ನ್ನೇ ಬಳಸುವುದರಿಂದ ಪೂರ್ತಿ ತಪ್ಪುವುದಿಲ್ಲ.

ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಇಂಥ ಪೋರ್ಟಿಗೆ ಬಂದದ್ದೆಲ್ಲ ಇಂಥ ಕನ್ಸೋಲಿಗೇ ಕಳಿಸು ಅಂತ ರೌಟರಿಗೆ ಮೊದಲೇ ಹೇಳಿಡಿ ಅಂತ ಬಹಳ ಜನ ಹೇಳುತ್ತಾರಲ್ವಾ, ಅದು ಒಂದೇ ಕನ್ಸೋಲ್ ಇರುವ ಮನೆಗೆ ಸರಿ. ಒಂದು ಪೋರ್ಟನ್ನು ಎರಡು ಕನ್ಸೋಲಿಗೆ ಫಾರ್ವರ್ಡ್ ಮಾಡಲು ಬರುವುದಿಲ್ಲ. ಹೊರಗಿನಿಂದ ಬಂದದ್ದೆಲ್ಲ ಒಂದೇ ಸಾಧನಕ್ಕೆ ಕಳಿಸುವ ಡಿಎಂಝಡ್ ಸೆಟ್ಟಿಂಗಿನ ಕಥೆಯೂ ಅಷ್ಟೇ, ಅದರಲ್ಲಿ ಒಂದನ್ನೇ ಕೂರಿಸಬಹುದು. ಎರಡಿದ್ದಾಗ ಮೊದಲು ರೌಟರಿನಲ್ಲಿ ಯುಪಿಎನ್‌ಪಿ ಆನ್ ಮಾಡಿ. ಆಗ ಕನ್ಸೋಲುಗಳೇ ರೌಟರ್ ಜೊತೆ ಮಾತಾಡಿ ತಮಗೆ ಬೇಕಾದ ಪೋರ್ಟ್ ತೆಗೆಸಿಕೊಳ್ಳುತ್ತವೆ. ಆದರೆ ಲೈನಿನ ಜೊತೆ ಕೊಡುವ ಕೆಲವು ಡಬ್ಬಿಗಳಲ್ಲಿ ಯುಪಿಎನ್‌ಪಿ ಹೆಸರಿಗಷ್ಟೇ ಇರುತ್ತದೆ. ಮೊದಲನೆಯದಕ್ಕೆ ಹೂಂ, ಎರಡನೆಯದಕ್ಕೆ ಉಹೂಂ. ಅಂಥ ಕಡೆ ಎಕ್ಸ್‌ಬಾಕ್ಸಿನಲ್ಲೇ ಒಂದು ದಾರಿ ಇದೆ, ಯಾಕೋ ಇದನ್ನು ಯಾರೂ ಹೇಳುವುದಿಲ್ಲ. ನೆಟ್‌ವರ್ಕ್ ಸೆಟ್ಟಿಂಗ್ಸ್, ಅದರೊಳಗೆ ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಅಲ್ಲಿ ಆಲ್ಟರ್ನೇಟ್ ಪೋರ್ಟ್ ಸೆಲೆಕ್ಷನ್. ಅದನ್ನು ಮ್ಯಾನುಯಲ್ ಮಾಡಿ ಎರಡನೇ ಎಕ್ಸ್‌ಬಾಕ್ಸಿಗೆ ಬೇರೆ ನಂಬರ್ ಆರಿಸಿ. ಆಮೇಲೆ ರೌಟರಿನಲ್ಲಿ ಎರಡಕ್ಕೂ ಕಾಯಂ ಒಳವಿಳಾಸ ಕೊಟ್ಟು, 3074 ಒಂದಕ್ಕೆ, ಹೊಸ ನಂಬರ್ ಇನ್ನೊಂದಕ್ಕೆ ಫಾರ್ವರ್ಡ್ ಮಾಡಿ. ಎರಡು ಕನ್ಸೋಲನ್ನೂ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಪೂರ್ತಿ ಆರಿಸಿ ಮತ್ತೆ ಹಚ್ಚಿ. ನಮ್ಮಲ್ಲಿ ಇಷ್ಟಾದ ಮೇಲೆ ಎರಡರಲ್ಲೂ ಓಪನ್ ಬಂತು. ಎರಡೂ ಮಹಡಿಯಿಂದ ಕೂಗು ಕೇಳಿಸಿತು, ನನಗೂ ಅಷ್ಟೇ ಖುಷಿಯಾಯಿತು.

ಆದರೆ ಇದೆಲ್ಲ ಮಾಡಿದರೂ ಕೆಲವರ ಮನೆಯಲ್ಲಿ ಏನೂ ಆಗುವುದಿಲ್ಲ. ಕಾರಣ ಮನೆಯ ಹೊರಗಿರುತ್ತದೆ. ಐಪಿವಿ4, ಅಂದರೆ ಹಳೇ ಮಾದರಿಯ ಐಪಿ ವಿಳಾಸಗಳು ಒಟ್ಟು ಇರುವುದೇ ಸುಮಾರು 430 ಕೋಟಿ, ನಮ್ಮ ಏಷ್ಯಾ ಭಾಗದ ದಾಸ್ತಾನು 2011ರಲ್ಲೇ ತಳ ಕಂಡಿತು. ಹಾಗಾಗಿ ಕಂಪನಿಗಳು ಎಷ್ಟೋ ಮನೆಗಳನ್ನು ಸೇರಿಸಿ ಒಂದೇ ವಿಳಾಸದ ಹಿಂದೆ ಇಡುತ್ತವೆ. ಇದು ಸಿಜಿ-ನ್ಯಾಟ್. ನಿಮ್ಮ ರೌಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಅದರಾಚೆ ಕಂಪನಿಯ ಇನ್ನೊಂದು ಬಾಗಿಲು ಮುಚ್ಚೇ ಇರುತ್ತದೆ. ಪತ್ತೆ ಮಾಡುವುದು ಸುಲಭ. ರೌಟರಿನ ಸೆಟ್ಟಿಂಗ್ಸಿನಲ್ಲಿ ವ್ಯಾನ್ (ಹೊರಗಿನ ಲೈನಿನ) ಪುಟ ತೆರೆದು ಐಪಿ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾದರೆ ನೀವು ಸಿಜಿ-ನ್ಯಾಟ್ ಹಿಂದೆ ಇದ್ದೀರಿ. 192.168 ಇದ್ದರೆ ಹೆಚ್ಚಾಗಿ ನಿಮ್ಮ ಮನೆಯಲ್ಲೇ ಎರಡು ರೌಟರ್ ಒಂದರ ಹಿಂದೊಂದು ಕೂತಿವೆ, ಕಂಪನಿಯ ಡಬ್ಬಿಯನ್ನು ಬ್ರಿಡ್ಜ್ ಮೋಡಿಗೆ, ಅಂದರೆ ರೌಟರ್ ಕೆಲಸ ಬಿಟ್ಟು ಲೈನು ದಾಟಿಸುವುದನ್ನಷ್ಟೇ ಮಾಡುವ ಹಾಗೆ, ಹಾಕಿಸಿ. ಸಿಜಿ-ನ್ಯಾಟ್ ಆಗಿದ್ದರೆ ಕಸ್ಟಮರ್ ಕೇರಿಗೆ ಫೋನ್ ಮಾಡಿ ಪಬ್ಲಿಕ್ ಐಪಿ (ನಿಮ್ಮ ಮನೆಗಷ್ಟೇ ಸೇರಿದ ವಿಳಾಸ) ಅಥವಾ ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ) ಬೇಕು ಅಂತ ಅದೇ ಶಬ್ದದಲ್ಲಿ ಕೇಳಿ. ಗೇಮ್ ಸ್ಲೋ ಆಗಿದೆ ಅಂದರೆ ಮತ್ತೆ ದೊಡ್ಡ ಪ್ಲಾನಿನ ಪಾಠವೇ ಬರುತ್ತದೆ. ಸ್ಟ್ಯಾಟಿಕ್ ಐಪಿಗೆ ಬೇರೆ ದುಡ್ಡು ಕೇಳಬಹುದು. ಖರ್ಚು ಮಾಡಲೇಬೇಕು ಅಂದರೆ ಇದಕ್ಕೆ ಮಾಡಿ, ಕೆಲಸಕ್ಕೆ ಬರುತ್ತದೆ. ಹೊಸ ಮಾದರಿಯ ವಿಳಾಸ ಐಪಿವಿ6 ಇದೆಯಾ ಅಂತಲೂ ಕೇಳಿ, ಎಕ್ಸ್‌ಬಾಕ್ಸ್ ಅದನ್ನು ಬಳಸಿಕೊಳ್ಳುತ್ತದೆ.

ಇನ್ನೊಂದು ಬಗೆಯ ತೊಂದರೆ ಇದೆ. ಆಟ ಚೆನ್ನಾಗಿ ನಡೆದಿರುತ್ತದೆ, ಇದ್ದಕ್ಕಿದ್ದಂತೆ ಎಲ್ಲ ಜಗ್ಗತೊಡಗುತ್ತದೆ. ನೋಡಿದರೆ ಇನ್ನೊಂದು ಕನ್ಸೋಲಿನಲ್ಲಿ ಅಪ್‌ಡೇಟ್ ಇಳಿಯುತ್ತಿರುತ್ತದೆ, ಇಲ್ಲವೇ ಯಾರದೋ ಫೋನು ಮದುವೆ ಫೋಟೋ, ವಿಡಿಯೋ ಎಲ್ಲ ಕ್ಲೌಡಿಗೆ ಏರಿಸುತ್ತಿರುತ್ತದೆ. ದೊಡ್ಡ ಫೈಲು ಹೋಗುವಾಗ ರೌಟರ್ ಪ್ಯಾಕೆಟ್‌ಗಳನ್ನು ಸಾಲಾಗಿ ಪೇರಿಸಿಟ್ಟುಕೊಳ್ಳುತ್ತದೆ, ಆಟದ ಚಿಕ್ಕ ಪ್ಯಾಕೆಟ್ ಆ ಸಾಲಿನ ಕೊನೆಗೆ ನಿಲ್ಲುತ್ತದೆ. ಕಬ್ಬಿನ ಸೀಸನ್ನಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕ ಸ್ಕೂಟರಿನ ಹಾಗೆ. ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರು. ಮದ್ದು ರೌಟರಿನಲ್ಲೇ ಇದೆ. ಎಸ್‌ಕ್ಯೂಎಂ ಅಥವಾ ಕ್ಯೂಓಎಸ್ ಅನ್ನುವ, ಈ ಸಾಲನ್ನು ನಿಭಾಯಿಸುವ ಸೆಟ್ಟಿಂಗ್ ಹುಡುಕಿ. ಓಪನ್‌ವರ್ಟ್ ಅನ್ನುವ ರೌಟರ್ ಸಾಫ್ಟ್‌ವೇರ್ ಹಾಕಲು ಬರುವ ರೌಟರ್ ಆದರೆ ಸಾಲು ನಿಭಾಯಿಸುವ ವಿಧಾನವಾಗಿ ಕೇಕ್ ಅಥವಾ ಎಫ್‌ಕ್ಯೂ-ಕೋಡೆಲ್ ಆರಿಸಿ, ಸ್ಪೀಡ್ ಮಿತಿಯನ್ನು ನಿಮಗೆ ನಿಜವಾಗಿ ಸಿಗುವುದರ ಶೇಕಡಾ 85–90ಕ್ಕೆ ಇಡಿ. ಡೌನ್‌ಲೋಡ್ ಅಷ್ಟಿಷ್ಟು ನಿಧಾನವಾಗುತ್ತದೆ, ಆಗಲಿ. ಅಪ್‌ಲೋಡ್ ಮಿತಿಯನ್ನೂ ಮರೆಯದೆ ಹಾಕಿ. ಎಷ್ಟೋ ಮನೆಗಳಲ್ಲಿ ಜಗ್ಗುವುದಕ್ಕೆ ಅಪ್‌ಲೋಡೇ ಕಾರಣ, ಅದನ್ನು ಯಾರೂ ನೋಡುವುದಿಲ್ಲ.

ಡೌನ್‌ಲೋಡಿಗೆ ಮಾತ್ರ ಸ್ಪೀಡ್ ಲೆಕ್ಕಕ್ಕೆ ಬರುತ್ತದೆ, ಇದನ್ನು ಒಪ್ಪುತ್ತೇನೆ. 40 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 5 ಎಂಬಿ. 50 ಜಿಬಿಯ ಆಟ ಇಳಿಯಲು ಮೂರು ತಾಸಿನ ಹತ್ತಿರ ಬೇಕು. ಎರಡು ಕನ್ಸೋಲಿಗೂ ಇಳಿಸಿದರೆ ಆರು ತಾಸು. ಆದರೆ ಎರಡು ಸಲ ಯಾಕೆ ಇಳಿಸಬೇಕು? ಎಕ್ಸ್‌ಬಾಕ್ಸಿನಲ್ಲಿ ನೆಟ್‌ವರ್ಕ್ ಟ್ರಾನ್ಸ್‌ಫರ್ ಅಂತ ಇದೆ. ಒಂದರಲ್ಲಿ ಇಳಿಸಿ, ಇನ್ನೊಂದಕ್ಕೆ ಮನೆಯೊಳಗಿನಿಂದಲೇ ಕಾಪಿ ಮಾಡಿಕೊಳ್ಳಬಹುದು. ಇಂಟರ್ನೆಟ್ ಮುಟ್ಟುವುದೇ ಬೇಡ.

ಮನೆಯೊಳಗೆ ಅಂದೆನಲ್ಲ, ನಮ್ಮ ಕಡೆಯ ಗೋಡೆಗಳ ಬಗ್ಗೆಯೂ ಹೇಳಬೇಕು. ಬೆಳಗಾವಿಯ ಹಳೇ ಮನೆಗಳಲ್ಲಿ ಜಂಬಿಟ್ಟಿಗೆಯ ದಪ್ಪ ಗೋಡೆ. ಬೇಸಿಗೆಗೆ ಬಹಳ ಒಳ್ಳೆಯದು, ವೈಫೈಗೆ ಶತ್ರು. 5 ಗಿಗಾಹರ್ಟ್ಸ್ ಸಿಗ್ನಲ್ ಎರಡು ಗೋಡೆ ದಾಟುವುದರೊಳಗೆ ಸೋತುಹೋಗುತ್ತದೆ. 2.4 ಗೋಡೆ ದಾಟುತ್ತದೆ, ಆದರೆ ಅಕ್ಕಪಕ್ಕದ ಎಲ್ಲ ಮನೆಗಳ ವೈಫೈ ಅಲ್ಲೇ ಕೂತಿರುತ್ತದೆ. ಸಿಗ್ನಲ್ ಹಿಡಿದು ಮುಂದೆ ಕಳಿಸುವ ರಿಪೀಟರ್ ತರಬೇಡಿ. ಮೆಟ್ಟಿಲ ಪಕ್ಕದಿಂದ ಕ್ಯಾಟ್ 6 ಕೇಬಲ್ ಎಳೆಸಿ, ಎರಡೂ ಕನ್ಸೋಲಿಗೆ ವೈರ್ ಕೊಡಿ. ನೂರು ಮೀಟರಿನ ತನಕ ಏನೂ ಚಿಂತೆ ಇಲ್ಲ.

ಕೆಲವರು ಬೆಂಗಳೂರಿನಲ್ಲಿದ್ದರೆ ಮಾತ್ರ ಪಿಂಗ್ (ಆಟದ ಸರ್ವರಿಗೆ ಡೇಟಾ ಹೋಗಿಬರಲು ಹಿಡಿಯುವ ಸಮಯ) ಚೆನ್ನಾಗಿರುತ್ತದೆ ಅಂತ ನಂಬಿದ್ದಾರೆ. ನಮ್ಮೂರಿಂದ ಬೆಂಗಳೂರೂ ಮುಂಬೈಯೂ ಹತ್ತಿರ ಹತ್ತಿರ ಐನೂರು ಕಿಲೋಮೀಟರು. ಫೈಬರಿನಲ್ಲಿ ಬೆಳಕು ಅಷ್ಟು ದೂರ ಹೋಗಿಬರಲು ಐದು ಮಿಲಿಸೆಕೆಂಡು ಸಾಕು. ಕಂಪನಿಯ ದಾರಿ ಸುತ್ತುಬಳಸು ಆದರೂ ಮುಂಬೈನ ಸರ್ವರಿಗೆ ಇಲ್ಲಿಂದ ಒಳ್ಳೆಯ ಪಿಂಗ್ ಸಿಗಬೇಕು. ಸಿಗದಿದ್ದರೆ ಅದನ್ನು ಕೇಳುವ ಹಕ್ಕು ನಮಗಿದೆ. ಸಣ್ಣ ಊರಿನ ಮಕ್ಕಳಿಗೆ ಇಷ್ಟೇ ಸಾಕು ಅನ್ನುವ ಧೋರಣೆ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ಮಳೆಗಾಲಕ್ಕೆ ಒಂದು ಮಾತು. ಮನೆಯಲ್ಲಿ ಇನ್ವರ್ಟರ್ ಇದ್ದರೂ ಅದು ಬದಲಾಗುವ ಆ ಒಂದು ಕ್ಷಣಕ್ಕೆ ರೌಟರ್ ಆರಿ ಹೊತ್ತಿಕೊಳ್ಳಬಹುದು, ಆಗ ಇಬ್ಬರೂ ಆಟದಿಂದ ಹೊರಗೆ. ರೌಟರಿಗಂತಲೇ 12 ವೋಲ್ಟಿನ ಮಿನಿ ಯುಪಿಎಸ್ ಸಿಗುತ್ತದೆ. ಫೈಬರಿನ ಡಬ್ಬಿ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಬೇಕು. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದ ಆಂಪಿಯರ್ ನೋಡಿಕೊಳ್ಳಿ, ಕೆಲವಕ್ಕೆ 1 ಸಾಕು, ಕೆಲವಕ್ಕೆ 2 ಬೇಕು.